ಆರು ವರ್ಷದಿಂದ ಒಂದೇ ಪಾಠ

ಏಳನೇ ತರಗತಿಯ ಹುಡುಗಿ ಪರೀಕ್ಷೆಯ ಪಾಠದ ಎರಡನೇ ಪುಟವನ್ನು ಒಂದಿಷ್ಟೂ ತಡವರಿಸದೆ ಓದಿ ಮುಗಿಸಿದಳು. ಹಾಳೆಯನ್ನು ಮಾತ್ರ ತಿರುವಿರಲಿಲ್ಲ.

ಎದುರಿಗೆ ಕೂತಿದ್ದ ಮೌಲ್ಯಮಾಪಕರ ಪೆನ್ನು ಅಂಕದ ಚೌಕದ ಮೇಲೇ ನಿಂತಿತು. ಊರಿನ ಮೇಷ್ಟ್ರುಗಳು ಬೆನ್ನ ಹಿಂದೆ ಅವರನ್ನು ‘ತಕ್ಕಡಿ’ ಎನ್ನುತ್ತಾರೆ. ಸರ್ಕಾರಿ ಮಾಧ್ಯಮಿಕ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಿ ಮಕ್ಕಳ ಓದು ಎಷ್ಟರಮಟ್ಟಿಗಿದೆ ಎಂದು ತೂಗಿ ಬರುವುದು ಹತ್ತೊಂಬತ್ತು ವರ್ಷದಿಂದ ಅವರ ಕೆಲಸ. ಕೈಯಲ್ಲಿ ಒಂದು ಕಡತ, ದೀಪಸ್ತಂಭ ಕಾಯುವವನ ಬಗ್ಗೆ ಎರಡು ಪುಟದ ಒಂದು ಪಾಠ. ಹೊಸ ಪಾಠ ಅಚ್ಚು ಹಾಕಿಸಲು ಕಚೇರಿಗೆ ಆರು ವರ್ಷದಿಂದ ಮಂಜೂರಾತಿ ಸಿಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ಹಾಳೆಗಳನ್ನು ಎಣಿಸಿ ವಾಪಸ್ಸು ಒಯ್ಯುತ್ತಾರೆ, ನಿಜ. ಕಿವಿಗೆ ಬಿದ್ದದ್ದನ್ನು ಒಯ್ಯಲು ಯಾರಿಂದಾದೀತು?

ಅವರು ಗೋಡೆಯತ್ತ ಬೆರಳು ತೋರಿಸಿದರು. ‘ಅಲ್ಲಿ ಬರೆದಿದೆಯಲ್ಲ, ಅದನ್ನ ಓದಮ್ಮ.’

ಬೆಂಕಿ ಹೊತ್ತಿದರೆ ಏನು ಮಾಡಬೇಕೆಂದು ದಪ್ಪಕ್ಷರದಲ್ಲಿ ನಾಲ್ಕು ಸಾಲು. ಹುಡುಗಿ ನೋಡಿದಳು. ತುಟಿ ಅಲುಗಿತು, ಸದ್ದು ಬರಲಿಲ್ಲ.

‘ಸರ್, ಅದನ್ನ ನಮಗೆ ಹೇಳ್ಕೊಟ್ಟಿಲ್ಲ.’

ತರಗತಿಯ ಮೂವತ್ತಮೂರು ಮಕ್ಕಳಲ್ಲಿ ಗೋಡೆಯ ಸಾಲುಗಳನ್ನು ಓದಿದವರು ಹನ್ನೆರಡು ಮಂದಿ.

ಶಾಲೆಯ ಮುಖ್ಯೋಪಾಧ್ಯಾಯಿನಿ ಈ ಮೌಲ್ಯಮಾಪಕರ ಒಡಹುಟ್ಟಿದ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಅವರ ಕೈಹಿಡಿದು ಅಕ್ಷರ ತಿದ್ದಿಸಿದವಳು. ಅವಳ ನಿವೃತ್ತಿಗೆ ಎರಡು ತಿಂಗಳಿದೆ. ಬಂಧುಗಳ ಶಾಲೆಗೆ ಹೋಗಬಾರದೆಂಬ ನಿಯಮವೇನೋ ಇದೆ, ಆದರೆ ಈ ಪುಟ್ಟ ಊರಿಗೆ ಇರುವ ಮೌಲ್ಯಮಾಪಕರೇ ಒಬ್ಬರು. ಕಡತ ಹಿಡಿದು ಅವರು ಅಕ್ಕನ ಕೋಣೆಗೆ ಹೋದರು.

‘ಅಕ್ಕ, ಮಕ್ಕಳು ಓದ್ತಿಲ್ಲ. ಬಾಯಿಪಾಠ ಒಪ್ಪಿಸ್ತಿದಾರೆ.’

‘ಮೇಡಂ ಅನ್ನು, ಬಾಗಿಲು ತೆಗೆದಿದೆ.’ ಅಕ್ಕ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ‘ಒಪ್ಪಿಸೋದೇನು ಸುಲಭಾನಾ? ನೀನು ಏಳರ ಮಗ್ಗಿ ಒಪ್ಪಿಸೋಕೆ ಒಂದು ವರ್ಷ ತಗೊಂಡೆ ಕಣೋ.’

‘ಇದ್ದದ್ದು ಇದ್ದ ಹಾಗೆ ಬರೀತೀನಿ. ನೂರಕ್ಕೆ ಮೂವತ್ತಾರು. ನಲವತ್ತಕ್ಕಿಂತ ಕಡಿಮೆ ಬಂದ್ರೆ ಓದು ಕಲಿಸೋಕೆ ಅಂತಲೇ ಒಬ್ಬ ಟೀಚರ್‌ನ ಕೊಡ್ತಾರೆ.’

‘ಕೊಡ್ತಾರಪ್ಪ. ಗೇಟಿನ ಬೋರ್ಡಲ್ಲಿ ಹಾಕೋ ಮೂವತ್ತಾರು ನೋಡಿದ ಅಪ್ಪ ಅಮ್ಮಂದಿರು ಇರೋ ಮಕ್ಕಳನ್ನೂ ಆಚೆ ಬೀದಿ ಶಾಲೆಗೆ ಸೇರಿಸ್ತಾರೆ. ನಿನ್ನ ಟೀಚರ್ ಬಂದು ಬೆಂಚಿಗೆ ಪಾಠ ಹೇಳ್ಲಿ.’ ಅಕ್ಕ ಕನ್ನಡಕ ತೆಗೆದಳು. ‘ಹೋದ ವರ್ಷ ಎಂಬತ್ತೆರಡು ಕೊಟ್ಟೋರು ಯಾರು? ಅದರ ಹಿಂದಿನ ವರ್ಷ ಎಪ್ಪತ್ತೊಂಬತ್ತು? ಕೆಳಗಿರೋ ಸಹಿ ಯಾರದ್ದು, ನಮ್ಮಪ್ಪಂದಾ?’

ಸಹಿ ಅವರದ್ದೇ. ಎರಡು ವರ್ಷವೂ ಅದೇ ತರಗತಿಯಲ್ಲಿ ಕೂತು, ತಮ್ಮ ಕೈಯಲ್ಲಿದ್ದ ಪ್ರತಿಯ ಮೇಲೆ ಬೆರಳಾಡಿಸುತ್ತಾ ಕೇಳಿದ್ದರೇ ಹೊರತು ಮಕ್ಕಳ ಕಣ್ಣು ಎಲ್ಲಿದೆ ಎಂದು ನೋಡಿರಲಿಲ್ಲ. ಈಗ ಮೂವತ್ತಾರು ಎಂದು ಬರೆದರೆ ಹಳೆಯದಕ್ಕೆಲ್ಲ ತಾವೇ ಉತ್ತರ ಕೊಡಬೇಕು. ಬರೆಯದಿದ್ದರೆ ಆ ಹುಡುಗಿ ನಾಲ್ಕು ಸಾಲು ಓದಲು ಬಾರದೆಯೇ ಎಂಟನೇ ತರಗತಿಗೆ ಹೋಗುತ್ತಾಳೆ.

ಕಿಟಕಿಯಾಚೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ಮೌಲ್ಯಮಾಪಕರು ಮೂವತ್ತಾರು ಎಂದು ಬರೆದು, ಸಹಿ ಹಾಕಿ, ನಮೂನೆಯನ್ನು ಅಕ್ಕನ ಕಡೆ ಸರಿಸಿದರು. ಅದಕ್ಕೆ ಶಾಲೆಯ ಮುಖ್ಯಸ್ಥರ ಸಹಿಯೂ ಬೇಕು.

ಅಕ್ಕ ಅದನ್ನು ಪೂರ್ತಿ ಓದಿ, ಪೆನ್ನಿಗೆ ಮುಚ್ಚಳ ಹಾಕಿದಳು.

‘ಊಟಕ್ಕೆ ಮನೆಗೆ ಬರ್ತೀಯಲ್ಲ?’

‘ಬರ್ತೀನಿ. ಸಹಿ?’

‘ಅದೊಂದು ಕೇಳ್ಬೇಡ.’

ಒಂದೇ ಸಹಿಯ ನಮೂನೆ ಕಚೇರಿಯಲ್ಲಿ ಲೆಕ್ಕಕ್ಕಿಲ್ಲ. ಮೇಲಧಿಕಾರಿ ಅದರ ಮೇಲೆ ‘ಮರುಮೌಲ್ಯಮಾಪನ’ ಎಂದು ಮುದ್ರೆ ಒತ್ತಿದರು. ಹಿಂದಿನ ಎರಡು ವರ್ಷದ ಅಂಕಗಳಿಗೆ ಏಳು ದಿನದೊಳಗೆ ಲಿಖಿತ ವಿವರಣೆ ಕೊಡುವಂತೆ ಮೌಲ್ಯಮಾಪಕರಿಗೆ ಹೇಳಿದರು. ಪಕ್ಕದ ಊರಿನ ಮೌಲ್ಯಮಾಪಕಿ ಮಂಗಳವಾರ ಬರುತ್ತಾರೆ. ಓದು ಕಲಿಸುವ ಟೀಚರ್ ಯಾವ ಯಾವ ಶಾಲೆಗೆ ಬೇಕೆಂಬ ಪಟ್ಟಿ ಅದರ ಹಿಂದಿನ ದಿನ, ಸೋಮವಾರ ಸಂಜೆಗೇ ಅಂತಿಮವಾಗುತ್ತದೆ.