ಚೌರಪ್ಪನ ಗಂಟೆ, ಜಪಮಾಲೆಯ ಪ್ರಶ್ನೆ

೧೯೫೮ರ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಭಾನುವಾರ. ಇನ್ನೂ ಬೆಳಕು ಹರಿದಿಲ್ಲ. ಯಶವಂತಪುರದ ರೈಲ್ವೆ ಯಾರ್ಡಿನ ಹಿಂದಿರುವ ಪುಟ್ಟ ಚರ್ಚಿನ ಗಂಟೆಗೂಡಿನ ಕೆಳಗೆ ಚೌರಪ್ಪ ಹಗ್ಗ ಹಿಡಿದು ನಿಂತಿದ್ದಾರೆ. ಒಳಗೆ ಪಾದ್ರಿ ಸ್ವಾಮಿಗಳು ಗ್ಲೋರಿಯ ಸ್ತುತಿಗೀತೆ ಎತ್ತಿದೊಡನೆ, ಗುರುವಾರದಿಂದ ಮೌನವಾಗಿರುವ ಗಂಟೆ ಮೊಳಗಬೇಕು. ಈ ಸಲ ಅವರು ಮತ್ತೆ ಮತ್ತೆ ಪಕ್ಕಕ್ಕೆ ನೋಡುತ್ತಿದ್ದಾರೆ. ಕಾರಣ, ಅತ್ತ ಗೋಡೆಗೊರಗಿ ನಿಂತಿರುವ ಆರು ವರ್ಷದ ಮೊಮ್ಮಗಳು ಜಪಮಾಲೆ.

ಹೆಸರಘಟ್ಟದ ಕಡೆಯಿಂದ ಹುಲ್ಲಿನ ಗಾಡಿ ಹೊಡೆದುಕೊಂಡು ಬಂದ ಚೌರಪ್ಪ ಈ ಹಗ್ಗ ಹಿಡಿದದ್ದು, ಹಿಂದೆ ಗಂಟೆ ಬಾರಿಸುತ್ತಿದ್ದವರು ಹಾಸಿಗೆ ಹಿಡಿದಾಗ, ನಾಲ್ಕು ದಿನದ ಮಟ್ಟಿಗೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಜಪದ ಗಂಟೆ. ನಡುವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸ. ಗಂಟೆ ತಪ್ಪೀತೆಂದು ಮಾಕಳಿಯ ತಂಗಿಯ ಮನೆಯಲ್ಲಿ ಒಂದು ರಾತ್ರಿಯೂ ತಂಗಿದ್ದಿಲ್ಲ. ಬಲಭುಜದ ಕೀಲು ಸಡಿಲಗೊಂಡಿದೆ.

"ಎಳೆಯೋದು ಭುಜ ಅಲ್ಲ ಸ್ವಾಮಿ, ಅಭ್ಯಾಸ," ಎಂದು ನನ್ನೊಡನೆ ಹೇಳಿ ನಗುತ್ತಾರೆ. "ಎದುರುಮನೆ ಮುನಿಶಾಮಮ್ಮ ಗಂಟೆ ಕೇಳೇ ಒಲೆ ಹಚ್ಚೋದು. ಅವ್ರು ಚರ್ಚಿಗೆ ಬರೋರಲ್ಲ. ಆದ್ರೂ ನಾನು ಒಂದಿನ ತಡ ಮಾಡಿದ್ರೆ ಬೈತಾರೆ."

ಸಾವಾದಾಗ ಬಾರಿಸುವ ರೀತಿಯೇ ಬೇರೆ. ಒಂದೇಟು, ಬಿಡುವು, ಮತ್ತೊಂದೇಟು. ಕಳೆದ ಮಳೆಗಾಲದಲ್ಲಿ ಮಗ ಇನ್ನಾಸಪ್ಪ ಯಾರ್ಡಿನಲ್ಲಿ ಎರಡು ವ್ಯಾಗನ್ನುಗಳ ನಡುವೆ ಸಿಕ್ಕಿ ತೀರಿಕೊಂಡಾಗ ಆ ಗಂಟೆಯನ್ನೂ ಇವರೇ ಬಾರಿಸಿದರು. ಯಾರು ಕೇಳಿದರೂ ಹಗ್ಗ ಬಿಡಲಿಲ್ಲ. "ನನ್ ಮಗನ್ಗೆ ಇನ್ನೊಬ್ಬರ ಕೈ ಯಾಕೆ?"

ಅದನ್ನು ಕಂಡ ಜಪಮಾಲೆ ತನ್ನದೇ ಅರ್ಥ ಮಾಡಿಕೊಂಡಳು. "ತಾತ ಗಂಟೆ ಹೊಡೀತು, ಅಪ್ಪನ್ನ ತಗೊಂಡೋದ್ರು," ಎಂದು ತಾಯಿ ಅರುಳಮ್ಮನಿಗೆ ಹೇಳಿದಳು. ಅಂದಿನಿಂದ ತಾತನ ಕೈತುತ್ತು ಬೇಡ, ತಾತನ ಪಕ್ಕ ಮಲಗುವುದು ಬೇಡ. ಗಂಟೆ ಕೇಳಿದರೆ ಕಂಬಳಿಯೊಳಗೆ ಸೇರಿಬಿಡುತ್ತಿದ್ದಳು.

ಈ ವಾರ ಗಂಟೆ ನಿಂತಿತು. ಯೇಸುಸ್ವಾಮಿಯ ಸಾವನ್ನು ನೆನೆಯುವ ದಿನಗಳಲ್ಲಿ ಅದನ್ನು ಮುಟ್ಟುವಂತಿಲ್ಲ. ಮರದ ಗಿಲಕಿ ಆಡಿಸುತ್ತ ಬೀದಿ ಸುತ್ತಿ ಜನರನ್ನು ಪ್ರಾರ್ಥನೆಗೆ ಕರೆಯಬೇಕು. ಶುಕ್ರವಾರ ಚೌರಪ್ಪ ಹಾಗೆ ಹೊರಟಾಗ ಜಪಮಾಲೆ ಹಿಂದೆಯೇ ಬಂದಳು.

"ಗಂಟೆ ಸತ್ತೋಯ್ತಾ ತಾತ?"

"ಇಲ್ಲ ಕಣವ್ವ. ಯೇಸುಸ್ವಾಮಿ ಗೋರಿಯೊಳಗವ್ರೆ, ಅದ್ಕೆ ಸುಮ್ನೈತೆ. ಭಾನುವಾರ ಅವ್ರು ಎದ್ದು ಬತ್ತಾರೆ. ಅದೇ ಪಾಸ್ಕ."

"ಅಪ್ಪನೂ ಭಾನುವಾರ ಬರ್ತಾನಾ?"

ಚೌರಪ್ಪ ಬೀದಿಯ ನಡುವೆಯೇ ನಿಂತುಬಿಟ್ಟರು. ಹೌದೆಂದರೆ ಮಗು ಭಾನುವಾರವೆಲ್ಲ ಬಾಗಿಲು ಕಾಯುತ್ತದೆ. ಬರುವುದೇ ಇಲ್ಲವೆಂದರೆ ಹಬ್ಬಕ್ಕೇ ಅರ್ಥವಿಲ್ಲ. ಗಿಲಕಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳೆದುರು ಕುಕ್ಕರಗಾಲಲ್ಲಿ ಕೂತರು.

"ಈ ಭಾನುವಾರ ಬರಲ್ಲ ಮಗಳೇ. ಸ್ವಾಮಿ ಮೊದ್ಲು ಎದ್ರು. ನಮ್ಮೋರ್ನೂ ಎಬ್ಬಿಸ್ತೀನಿ ಅಂತ ಮಾತು ಕೊಟ್ಟವ್ರೆ. ಯಾವತ್ತು ಅನ್ನೋದು ಅವ್ರಿಗೇ ಗೊತ್ತು. ಅಲ್ಲೀತಂಕ ನಾವು ಕಾಯ್ಬೇಕು."

"ನೀನೂ ಕಾಯ್ತೀಯಾ?"

"ನಾನೂ ಕಾಯ್ತಾ ಇವ್ನಿ. ಅಪ್ಪನ್ನ ಗಂಟೆ ಕರ್ಕೊಂಡೋಗ್ಲಿಲ್ಲ ಕಣವ್ವ. ಅವ್ನು ಹೋದ ಅಂತ ಅಳ್ತಾ ಊರಿಗೆ ತಿಳಿಸ್ತು, ಅಷ್ಟೆ."

ಮಗು ಗಿಲಕಿಯನ್ನು ಇಸಿದುಕೊಂಡು ತಾನೇ ಆಡಿಸುತ್ತ ಮುಂದೆ ನಡೆಯಿತು.

ಈಗ ಒಳಗೆ ಹಾಡು ಎದ್ದಿದೆ. ಚೌರಪ್ಪ ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಡುತ್ತಾರೆ. ಬಿಡುವೇ ಇಲ್ಲದೆ ಒಂದರ ಮೇಲೊಂದು ಬೀಳುವ ನಾದ. ಜಪಮಾಲೆ ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಾಳೆ, ಓಡುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕೈ ಇಳಿಯುತ್ತದೆ.

"ಆವತ್ತಿನ ಗಂಟೇನೇನಾ ಇದು?" ಎಂದು ಕೂಗಿ ಕೇಳುತ್ತಾಳೆ.

"ಅದೇ ಕಣವ್ವ, ಅದೇ!"

ಪೂಜೆ ಮುಗಿದ ಮೇಲೆ ಅರುಳಮ್ಮ ಇಡ್ಲಿ, ಕೋಳಿಸಾರು ಬಡಿಸುತ್ತಾರೆ. ತಾತ ಮುರಿದು ಚಾಚಿದ ತುತ್ತಿಗೆ ಮಗು ಬಾಯಿ ತೆರೆಯುತ್ತದೆ. ಅರುಳಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆಯತ್ತ ತಿರುಗುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಚೌರಪ್ಪ ಭುಜ ನೀವಿಕೊಳ್ಳುತ್ತಾರೆ. "ಇವ್ಳ ಮದ್ವೆ ಗಂಟೆ ನಾನೇ ಬಾರಿಸ್ಬೇಕು. ಅಷ್ಟು ದಿನ ಈ ಭುಜ ತಡಕೊಂಡ್ರೆ ಸಾಕು ಸ್ವಾಮಿ."