ಕೊಂಬೋ ಅಲೆಯೋ

ಕೆತ್ತುತ್ತಿದ್ದ ಮರದ ಮೇಲಿನ ಪುಡಿಯನ್ನು ಉಫ್ ಎಂದು ಊದಿದ್ದಷ್ಟೇ. ರೆವಿ ನನ್ನ ಕೈಯಿಂದ ಉಳಿ ಕಿತ್ತುಕೊಂಡು, "ಹೊರಗೆ ನಡಿ" ಎಂದ. ಪಂಚನಹಳ್ಳಿಯಲ್ಲಿ ನಮ್ಮಪ್ಪ ಊದಿದ, ಅಣ್ಣ ಊದುತ್ತಾನೆ, ನಾನು ಮೀಸೆ ಬರುವ ಮುಂಚಿನಿಂದ ಊದುತ್ತ ಬಂದವನು. ಅದಕ್ಕೆ ಬೈಸಿಕೊಳ್ಳಲು ನ್ಯೂಜಿಲೆಂಡಿಗೆ ಬರಬೇಕಾಯಿತೇ ಎಂದು ಮೈಯೆಲ್ಲ ಉರಿಯಿತು.

ರೆವಿ ಮಾವೋರಿ, ಈ ನೆಲದ ಮೂಲದವನು. ಬಡಗಿ ಕೆಲಸ ಹುಡುಕುತ್ತ ಬಂದ ನನ್ನನ್ನು ಸೇರಿಸಿಕೊಂಡವನೂ ಅವನೇ. ಅವರ ಮರಗೆತ್ತನೆಗೆ ‘ಫಕೈರೊ’ ಎನ್ನುತ್ತಾರೆ. ಕೆತ್ತುವ ಕಂಬದಲ್ಲಿ ಮೂಡುವುದು ಅವರ ಹಿರಿಯರ ಮುಖ. ಅದಕ್ಕೆ ಬಾಯಿಯ ಗಾಳಿ ತಾಗಬಾರದು, ಪುಡಿಯನ್ನು ಬ್ರಷ್‌ನಿಂದಲೇ ತೆಗೆಯಬೇಕು. ನಾವೂ ನೈವೇದ್ಯವನ್ನು ಊದಿ ಆರಿಸುವುದಿಲ್ಲ, ಒಪ್ಪಿದೆ. ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ?

ಹೇಳಿಕೊಡುವ ಬದಲು, ಅಲೆ ನೋಡು ಎಂದು ದಿನವೂ ಕಡಲ ದಂಡೆಯಲ್ಲಿ ನಿಲ್ಲಿಸಿದ. ಅವನ ಕೆತ್ತನೆಯ ಗೆರೆಗಳೆಲ್ಲ ಅಲೆಯಿಂದ ಬಂದವಂತೆ. ನಮ್ಮ ಕಡೆ ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಊರಿಗೆಲ್ಲ ಸುದ್ದಿ. ಇಲ್ಲಿ ಕಣ್ಣು ಹಾಯುವಷ್ಟು ನೀರು, ಬಾಯಿಗೆ ಹಾಕಿದರೆ ಉಪ್ಪು. ಬಾಗಿಲುವಾಡ ಕೆತ್ತಿ ಹೆಸರು ಮಾಡಿದ ನಾನು ಅದನ್ನು ನೋಡುತ್ತ ನಿಲ್ಲಬೇಕೇ? ಬಾಡಿಗೆ ಕೋಣೆಯಲ್ಲಿ ಮುದ್ದೆಯಿಲ್ಲ, ಮಾತಿಗೆ ಜನರಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

"ವಿಡಿಯೋದಾಗೆ ತೋರಿಸಿದ್ಯಲ್ಲ, ಆ ನಾಲಿಗೆ ಚಾಚಿದ ಮುಖ, ಅದ್ರ ಫೋಟೊ ಕಳ್ಸೋ. ಮೆಷಿನ್ನಿಗೆ ಹಾಕಿ ಬಾಗ್ಲಿಗೆ ಕೆತ್ತಿಸ್ತೀನಿ. ಕಡೂರಿನ ಗಿರಾಕಿ ಕಾಯ್ತಾ ಕೂತವ್ನೆ."

"ಅದು ರೆವಿ ಮುತ್ತಜ್ಜ ಕಣಣ್ಣ. ಯಾರೋ ನಮ್ಮಜ್ಜನ್ನ ಹಂಗೆ ಬಾಗ್ಲಿಗೆ ಹೊಡ್ಕೊಂಡ್ರೆ ಸುಮ್ನಿರ್ತೀಯಾ?"

"ಲೇ, ಅಲ್ಲಿಗೆ ಹೋಗಿ ಅವ್ರೋನೇ ಆಗ್ಬಿಟ್ಟೆ. ಫೋಟೊ ಕಳಿಸ್ದೆ ಇದ್ರೆ ಇನ್ನು ನಂಗೆ ಫೋನ್ ಮಾಡ್ಬೇಡ."

ರೆವಿಯ ಮೇಲೆ ಉರಿದು ಬೀಳುತ್ತಿದ್ದ ನಾನೇ ರೆವಿಯ ಪರ ವಾದಿಸಿದ್ದೆ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಮಾರನೆಯ ದಿನ ರೆವಿಯ ಶೆಡ್ಡಿನ ಮೂಲೆಯಲ್ಲಿದ್ದ ತುಂಡು ಮರ ಎಳೆದುಕೊಂಡು, ನಮ್ಮೂರ ಕಡೆಯ ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಅಮೃತಮಹಲ್ ಹೋರಿಯ ಕೊಂಬು ಕೆತ್ತಿದೆ, ಹಿಂದಕ್ಕೆ ಬಾಗಿ ಮೇಲೆದ್ದ ಜೋಡಿ ಕೊಂಬು. ರೆವಿ ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಅಲೆಯಲ್ಲ. ಯಾವುದೋ ಪ್ರಾಣಿಯ ಕೊಂಬು. ನಿಮ್ಮೂರಿನದು" ಎಂದ.

ಅಣ್ಣ ಕೇಳಿದ ಮುಖದ ಬದಲು ಇದರ ಫೋಟೊ ಕಳಿಸಿದೆ. ನಮ್ಮದೇ ಹೋರಿ, ಇದನ್ನೇ ಬಾಗಿಲಿಗೆ ಹಾಕಲಿ, ನನ್ನೊಂದಿಗೆ ಮಾತಾಡಲಿ ಎಂದು. ಸಂಜೆ ಅವನೇ ಫೋನ್ ಮಾಡಿದ.

"ಏನೋ ಇದು? ಸಮುದ್ರದ ಅಲೆ ಕೆತ್ತಿ ಕಳ್ಸಿದೀಯಲ್ಲೋ! ನಮ್ಮೂರಾಗೆ ಯಾರಿಗ್ಬೇಕೋ ಇದು?" ಎಂದವನೇ ಕಟ್ ಮಾಡಿದ.

ಹುಟ್ಟಿದಾಗಿನಿಂದ ಕಂಡ ಕೊಂಬು ಅವನ ಕಣ್ಣಿಗೆ ಬೀಳಲಿಲ್ಲ! ಫೋನ್ ಬಿಸಾಡುವಷ್ಟು ಕೋಪ ಬಂತು. ಮರವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಹಾಳಾದ್ದು, ಅಲೆಯೂ ಇತ್ತು. ಕೊಂಬಿನ ಸಂದಿಯಲ್ಲಿ ಒಂದಿಷ್ಟು ಪುಡಿ ಉಳಿದಿತ್ತು. ಬಾಯಿ ಊದಲು ಹೋಯಿತು, ಕೈ ಬ್ರಷ್ ಹುಡುಕಿತು.