ಗಾಜಿಗೆ ಬಳಿದ ವಿಭೂತಿ

ಆಗೆಲ್ಲ ಬೆಸೆಂಟ್ ನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಮರಗಳೇ ಎತ್ತರ. ನನಗೆ ಒಂಬತ್ತು ವರ್ಷ. ಆ ಬೇಸಿಗೆಯಲ್ಲಿ ಅಪ್ಪ ನಮ್ಮ ಎರಡನೇ ಮಹಡಿಯ ಬಾಲ್ಕನಿಗೆ ಸೂರು ಮುಟ್ಟುವ ಗಾಜಿನ ಬಾಗಿಲು ಹಾಕಿಸಿದರು, ಸಮುದ್ರ ಕಾಣಲಿ ಅಂತ. ಸಮುದ್ರವೇನೂ ಕಾಣಲಿಲ್ಲ, ಎದುರಿನ ಬೇವಿನ ಮರ ಕಂಡಿತು. ಮೊದಲ ವಾರದಲ್ಲೇ ಮೂರು ಪಿಕಳಾರ ಹಕ್ಕಿಗಳು ಗಾಜಿಗೆ ಬಡಿದು ಸತ್ತವು.

ಹಾವೇರಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ ಪ್ರತಿ ಸಲವೂ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬರುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಹಕ್ಕಿಯನ್ನು ಎತ್ತಿಕೊಳ್ಳುತ್ತಿದ್ದಳು. ಅಪ್ಪ ಒಳಗಿನಿಂದ ಪರದೆ ಎಳೆದು ನೋಡಿದರು. ಪ್ರಯೋಜನವಾಗಲಿಲ್ಲ.

"ಅಜ್ಜಿ, ಕನ್ನಡಿ ಒಡೆಯಂಗಿಲ್ಲೇನು?" ಎಂದೆ. ಶಾಲೆಯಲ್ಲಿ, ಬೀದಿಯಲ್ಲಿ ನಾನು ಆಡುತ್ತಿದ್ದ ತಮಿಳಿನಲ್ಲಿ ಗಾಜೂ ಕಣ್ಣಾಡಿ, ಕನ್ನಡಿಯೂ ಕಣ್ಣಾಡಿ. ನನಗೆ ಎರಡೂ ಒಂದೇ.

"ಕನ್ನಡಿ ಅಲ್ಲವ್ವ, ಗಾಜದು. ಬೆಂಕಿ ಹಚ್ಚಲಿ ನಿನ್ನ ಕನ್ನಡಕ್ಕ!"

ನಾನು ಬಾಲ್ಕನಿಯಲ್ಲೇ ನಿಂತು ಹಟ ಹಿಡಿದೆ. "ಕನ್ನಡೀನ! ಇಂಗೆ ವಾ, ಇಲ್ಲಿ ಬಂದು ನೋಡು. ಒಳಗ ಮರ ಐತಿ."

ಅಜ್ಜಿ ಹೊರಗೆ ಬಂದು ನೋಡಿದಳು. ಗಾಜಿನೊಳಗೆ ಇಡೀ ಬೇವಿನ ಮರ, ಅದರ ಮೇಲೆ ಆಕಾಶ. "ಖರೇನ ಹೇಳೀದಿ ನೋಡು. ನಮಗ ಗಾಜು, ಹಕ್ಕಿಗೆ ಕನ್ನಡಿ," ಎಂದಳು.

ಮರುದಿನ ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಗಾಜಿನ ಹೊರಮೈಗೆ ಮೂರು ಬೆರಳಿಂದ ಪಟ್ಟೆ ಎಳೆದಳು. ಹಣೆಗೆ ಹಚ್ಚಿದಂತೆ ನಡುವೆ ಒಂದೇ ಕಡೆ. ಅದರ ಪಕ್ಕದಲ್ಲೇ ಇನ್ನೊಂದು ಹಕ್ಕಿ ಬಡಿಯಿತು. ಆಮೇಲೆ ಮೂರು ಬೆರಳಿನಷ್ಟೇ ಜಾಗ ಬಿಡುತ್ತ ಇಡೀ ಬಾಗಿಲು ತುಂಬಿಸಿದಳು. ಕೈಗೆಟುಕದ ಮೇಲ್ಭಾಗಕ್ಕೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಬಡಿತ ನಿಂತಿತು. ಕೆಲಸಕ್ಕೆ ಬರುತ್ತಿದ್ದ ಅಕ್ಕ ಮಾತ್ರ ದಿನಾ ಆ ಬಾಗಿಲಿಗೆ ಕೈಮುಗಿಯತೊಡಗಿದಳು.

ಮಳೆಗಾಲಕ್ಕೆ ಮುಂಚೆಯೇ ಅಜ್ಜಿ ತೀರಿಕೊಂಡಳು. ಮೂರನೇ ದಿನ ನೆಂಟರು ಬರುವವರಿದ್ದರು. ಅವ್ವ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟು, "ಆ ಗಾಜು ಒಂದೀಟು ಒರಸಿಬಿಡವ್ವ," ಎಂದಳು. ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೇಡ ಅನ್ನಲಿಲ್ಲ. ಒರೆಸಿದೆ. ಬಟ್ಟೆ ಅಜ್ಜಿಯ ಹಣೆಯ ವಾಸನೆ ಹೊಡೆಯಿತು.

ಊಟದ ಹೊತ್ತಿಗೆ ಟಪ್ ಎಂದಿತು. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದೆ. ಇನ್ನೂ ಬೆಚ್ಚಗಿತ್ತು. ಈಗಲಾದರೂ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೈ ತೊಳೆದು ಪಂಕ್ತಿಯಲ್ಲಿ ಕೂತೆ, ಅನ್ನ ಎರಡು ಸಲ ಹಾಕಿಸಿಕೊಂಡೆ.

ಈಗ ಪೆರುಂಗುಡಿಯ ನನ್ನ ಫ್ಲ್ಯಾಟಿನ ಗಾಜಿಗೆ ಹೊರಗಿನಿಂದ ಚುಕ್ಕಿಗಳ ಹಾಳೆ ಅಂಟಿಸಿದ್ದೇನೆ. ಮಳೆಗೆ ಅಳಿಯುವುದಿಲ್ಲ, ಮತ್ತೆ ಮತ್ತೆ ಬಳಿಯಬೇಕಿಲ್ಲ. ಯಾವಾಗಲೂ ತಮಿಳಿನಲ್ಲೇ ಉತ್ತರಿಸುವ ಮಗಳು ಮೊನ್ನೆ ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಕನ್ನಡಿ ಮೇಲೆ ಯಾಕೆ ಚುಕ್ಕಿ?"

ಕನ್ನಡಿ ಅಲ್ಲವ್ವ ಎಂದು ಬೈಯಲು ಬಾಯಿ ತೆರೆದೆ. ಅಜ್ಜಿಯ ದನಿ ಹೇಗಿತ್ತೆಂದು ನೆನಪಾಗಲಿಲ್ಲ.

"ಹಕ್ಕಿಗೆ," ಎಂದೆ.